ಹೋದವರ ಹಾರ್ಡ್ ಡಿಸ್ಕ್

ರಾವಂದೂರು
೯ ಜೂನ್ ೨೦೨೪

ಸಂಘಮಿತ್ರಾ,

ಮನೆಯಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ಕಂಪ್ಯೂಟರ್ ಒಂದನ್ನು ಬಿಟ್ಟು. ಅದರ ಹೊಟ್ಟೆ ತುಂಬಿಹೋಗಿದೆಯಂತೆ. ಒಂದು ಫೋಟೊ ಹಾಕಲು ಹೋದರೂ ಕೆಂಪು ಗೆರೆ ತೋರಿಸಿ ಜಾಗವಿಲ್ಲ ಅನ್ನುತ್ತದೆ. ನಿಮ್ಮವ್ವನನ್ನು ಕರೆದು ತೋರಿಸಿದೆ. "ನಿಮ್ಮಂಗೇ ಆಗದೆ ಬುಡಿ, ಯೋಳಿದ್ದೊಂದೂ ಒಳೀಕ್ಕೆ ಓಗಕ್ಕಿಲ್ಲ" ಅಂದು ಒಲೆ ಮುಂದಕ್ಕೆ ಹೋದಳು. ಅವಳಿಗೆ ಎಲ್ಲವೂ ತಮಾಷೆ.

ನನಗೆ ತಮಾಷೆಯಲ್ಲ. ಸ್ಟುಡಿಯೊ ಬಾಗಿಲು ಹಾಕಿ ಕಂಪ್ಯೂಟರನ್ನು ಮನೆಗೆ ತಂದ ಮೇಲೂ ಜನ ಬರುವುದು ನಿಂತಿಲ್ಲ. ಕೈಯಲ್ಲೊಂದು ಫೋನಿದ್ದರೆ ಮದುವೆಗೆ, ನಾಮಕರಣಕ್ಕೆ ಯಾರಿಗೂ ನಾನು ಬೇಡ. ಸಾವಾದರೆ ಮಾತ್ರ ಬೇಕು. "ಮರಿಯಣ್ಣ, ನಮ್ಮಪ್ಪಂದು ಒಂದು ಫೋಟೊ ಇದ್ದದಾ?" ಎಂದು ಬರುತ್ತಾರೆ. ಎಂದೋ ಯಾರದೋ ಮದುವೆಯಲ್ಲಿ ಊಟಕ್ಕೆ ಕೂತದ್ದರಲ್ಲೋ, ಚಪ್ಪರದ ಕಂಬಕ್ಕೊರಗಿ ನಿಂತದ್ದರಲ್ಲೋ ಆ ಮುಖ ನನಗೆ ಸಿಕ್ಕೇ ಸಿಗುತ್ತದೆ. ಅದನ್ನು ಕತ್ತರಿಸಿ, ಹಿಂದಕ್ಕೆ ನೀಲಿ ಬಣ್ಣ ಕೊಟ್ಟು ತಿಥಿಗೆ ಫ್ರೇಮು ಹಾಕಿಸುತ್ತೇನೆ. ಸುತ್ತಲ ಊರುಗಳ ಮುಖಗಳೆಲ್ಲ ಈ ಒಂದು ಪೆಟ್ಟಿಗೆಯಲ್ಲಿವೆ. ಇದು ಕೆಟ್ಟರೆ ಏನು ಗತಿ?

ಹೊರಗಡೆಯಿಂದ ಸಿಕ್ಕಿಸುವ ಹಾರ್ಡ್ ಡಿಸ್ಕ್ ತಗೋ ಅಂತ ಎಲ್ಲರೂ ಹೇಳುತ್ತಾರೆ. ಯಾವುದು ಅಂತ ಯಾರೂ ಹೇಳುವುದಿಲ್ಲ. ಅದರ ಒಳಗೆ ಏನಿರುತ್ತದೆ? ಕರೆಂಟು ಕೊಡದೆ ಬೀರುವಿನಲ್ಲಿಟ್ಟರೆ ಫೋಟೊ ಹಾಗೇ ಇರುತ್ತದೆಯೆ, ಇಲ್ಲ ಮರೆತುಹೋಗುತ್ತದೆಯೆ? ಕೆಳಗೆ ಬಿದ್ದರೆ? ಇರುವೆ ಹೊಕ್ಕರೆ? ನಮ್ಮ ಕಂಪ್ಯೂಟರು ನಿನ್ನ ಪಿಯುಸಿ ಕಾಲದ್ದು, ಅದಕ್ಕೂ ಹೊಸ ಡಿಸ್ಕಿಗೂ ಹೊಂದಿಕೆಯಾಗುತ್ತದೆಯೆ?

ಒಂದಂತೂ ನಾನೇ ತೀರ್ಮಾನಿಸಿದ್ದೇನೆ. ಎರಡು ಡಿಸ್ಕ್ ತಗೊಳ್ಳುತ್ತೇನೆ. ಇರುವವರಿಗೊಂದು, ಹೋದವರಿಗೊಂದು. ನಗಬೇಡ. ಕೆಂಪಯ್ಯನ ಅಣ್ಣ ತೀರಿಕೊಂಡಾಗ ನಾನು ಅವಸರದಲ್ಲಿ ಕೆಂಪಯ್ಯನ ಫೋಟೊಗೇ ಹಾರ ಹಾಕಿ ಫ್ರೇಮು ಕಳಿಸಿದ್ದು ನೆನಪಿದೆಯೆ? ಬಾಗಿಲಲ್ಲಿ ಅದನ್ನು ಕೈಗೆ ತಗೊಂಡವನೂ ಅವನೇ. ಅವತ್ತಿನಿಂದ ಈ ಎರಡು ಗುಂಪನ್ನು ಬೇರೆಬೇರೆಯಾಗಿಯೇ ಇಟ್ಟಿದ್ದೇನೆ.

ನಿನ್ನ ಕ್ವಾರ್ಟರ್ಸಿಗೆ ಫೋನು ಹತ್ತುವುದಿಲ್ಲ, ಹತ್ತಿದರೂ ನೀನು ಹೇಳಿದ್ದು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಕಾಗದದಲ್ಲಿ ಬರೆ. ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಳ್ಳುತ್ತೇನೆ.

ನಿನ್ನ ದಾರಿ ನೋಡುವ
ಅಪ್ಪ, ಮರಿಯಯ್ಯ


ವೀರನಹೊಸಹಳ್ಳಿ
೨೧ ಜೂನ್ ೨೦೨೪

ಅಪ್ಪಾ,

ನಿನ್ನ ಕಾಗದವನ್ನು ಆರೋಗ್ಯ ಉಪಕೇಂದ್ರದಲ್ಲೇ ಓದಿ ಜೋರಾಗಿ ನಕ್ಕುಬಿಟ್ಟೆ. ಚುಚ್ಚುಮದ್ದಿಗೆ ಬಂದಿದ್ದ ಕೂಸು ನನ್ನ ನಗು ಕೇಳಿ ಅಳುವುದನ್ನೇ ನಿಲ್ಲಿಸಿತು. ನಿನ್ನಿಂದ ಒಂದು ಸರ್ಕಾರಿ ಉಪಕಾರವಾಯಿತು ಅಂದುಕೋ.

ಈಗ ನಿನ್ನ ಪ್ರಶ್ನೆಗಳು. ಎರಡು ಜಾತಿಯ ಡಿಸ್ಕ್ ಇವೆ. ಹಳೆಯ ಜಾತಿಯದರ ಒಳಗೆ ಒಂದು ತಟ್ಟೆ ಗಿರಗಿರ ತಿರುಗುತ್ತದೆ, ಅದರ ಮೇಲೆ ಒಂದು ಮುಳ್ಳು ಓಡಾಡುತ್ತದೆ. ಅದಕ್ಕೇ ಹಾರ್ಡ್ ಡಿಸ್ಕ್ ಅನ್ನುವುದು. ತಿರುಗುವಾಗ ಬಿದ್ದರೆ ಕೆಟ್ಟಿತು. ಹೊಸ ಜಾತಿಯದಕ್ಕೆ ಎಸ್‌ಎಸ್‌ಡಿ ಅನ್ನುತ್ತಾರೆ. ಅದರಲ್ಲಿ ತಿರುಗುವುದೇನೂ ಇಲ್ಲ, ಬಿದ್ದರೂ ಸಾಮಾನ್ಯವಾಗಿ ತಡೆಯುತ್ತದೆ, ಬಲು ಚುರುಕು. ಆದರೆ ಬೆಲೆ ಹೆಚ್ಚು. ಅಲ್ಲದೆ ಕರೆಂಟಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ ಮರೆಯುವ ರೋಗ ಅದಕ್ಕೇ ಹೆಚ್ಚಂತೆ. ನೀನು ಊಹಿಸಿ ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ ನೋಡು.

ನಿನ್ನ ಕೆಲಸಕ್ಕೆ ತಿರುಗುವ ತಟ್ಟೆಯದೇ ಸಾಕು. ಎರಡು ಟಿಬಿ ತಗೋ, ಈಗಿರುವ ಫೋಟೊಗಳೆಲ್ಲ ಕೂತು ಇನ್ನೂ ಅಷ್ಟೇ ಜಾಗ ಉಳಿಯುತ್ತದೆ. ನಮ್ಮ ಹಳೆಯ ಕಂಪ್ಯೂಟರಿಗೂ ಹೊಂದುತ್ತದೆ, ಸ್ವಲ್ಪ ನಿಧಾನ ಅಷ್ಟೆ. ಹೆಸರಿರುವ ಕಂಪನಿಯದು, ಅಂಗಡಿಯಲ್ಲಿ, ಬಿಲ್ಲು ಬರೆಸಿ ತಗೋ. ತೆಗೆಯುವ ಮುಂಚೆ ಈಜೆಕ್ಟ್ ಒತ್ತು. ಸೀದಾ ಕಿತ್ತುಕೊಳ್ಳಬೇಡ, ಅದೇನು ಹಸುವಿನ ಕೆಚ್ಚಲಿಂದ ಕರು ಬಿಡಿಸುವುದಲ್ಲ.

ಇನ್ನು ಇರುವವರು, ಹೋದವರು. ಅಪ್ಪಾ, ಎರಡು ಡಿಸ್ಕ್ ತಗೊಳ್ಳುವುದು ಸರಿ, ಹಂಚುವುದು ತಪ್ಪು. ಎರಡರಲ್ಲೂ ಎಲ್ಲರೂ ಇರಬೇಕು. ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ತಾನೆ ಎರಡು? ನಿನ್ನ ಲೆಕ್ಕದಲ್ಲಿ ಎರಡು ಡಿಸ್ಕಿದ್ದರೂ ಪ್ರತಿಯೊಬ್ಬರೂ ಒಂದೇ ಕಡೆ ಒಂಟಿಯಾಗಿರುತ್ತಾರೆ. ಮತ್ತೂ ಒಂದು ಮಾತು. ಎರಡನೆಯ ಡಿಸ್ಕ್ ನಮ್ಮ ಮನೆಯಲ್ಲಿರಬಾರದು. ಸಿಡಿಲು ಹೊಡೆಯಬಹುದು, ಹೆಂಚಿನಿಂದ ನೀರು ಇಳಿಯಬಹುದು. ಬೇರೆ ಊರಲ್ಲಿ, ನಂಬುವವರ ಮನೆಯಲ್ಲಿಡಬೇಕು. ನನ್ನ ಹತ್ತಿರ ಬೇಡ, ಈ ಕಾಡಿನ ತಂಡಿಗೆ ನನ್ನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಯಾರ ಮನೆ ಅಂತ ನಾನೊಂದು ಹೆಸರು ಹೇಳಬಲ್ಲೆ. ಹೇಳಿದರೆ ನೀನು ಈ ಕಾಗದವನ್ನು ಗೋಡೆಗೆ ಅಂಟಿಸುವುದಿಲ್ಲ, ಒಲೆಗೆ ಹಾಕುತ್ತೀಯ.

ನಿನ್ನ ಪದ್ಧತಿಯ ಬಗ್ಗೆ ನನಗೊಂದು ಕುತೂಹಲ. ಮದುವೆಯ ಗುಂಪು ಫೋಟೊದಲ್ಲಿ ಅರ್ಧ ಜನ ಇದ್ದಾರೆ, ಅರ್ಧ ಜನ ಹೋಗಿದ್ದಾರೆ. ಅದು ಯಾವ ಡಿಸ್ಕಿಗೆ?

ಅವ್ವನಿಗೆ ಕಾಲಿನ ಮಾತ್ರೆ ಮರೆಯದೆ ಕೊಡು.

ನಿನ್ನ ಮಗಳು
ಸಂಘಮಿತ್ರ


ರಾವಂದೂರು
೭ ಜುಲೈ ೨೦೨೪

ಸಂಘಮಿತ್ರಾ,

ಗುಂಪು ಫೋಟೊದ ಪ್ರಶ್ನೆ ಕೇಳಿ ನನ್ನ ನಿದ್ದೆ ಕೆಡಿಸಿದೆ. ಮಾರನೆಯ ದಿನ ಒಂದು ಮದುವೆಯ ಫೋಟೊ ತೆಗೆದು ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟು ನೋಡಿದೆ. ಹೆಣ್ಣಿನ ತಂದೆ ಇಲ್ಲ, ಗಂಡಿನ ಅಜ್ಜಿ ಇಲ್ಲ, ವಾಲಗದವರಲ್ಲಿ ಒಬ್ಬನೂ ಇಲ್ಲ, ಹುಡುಗ ಹುಡುಗಿ ಇದ್ದಾರೆ. ನಿಮ್ಮವ್ವನನ್ನು ಕೇಳಿದೆ. "ಒಬ್ರಾದ್ರೂ ಉಸುರಾಡ್ತಾವ್ರಾ? ಅಂಗಾದ್ರೆ ಇರೋರ್ತಾವೇ ಇರ್ಲಿ ಬುಡಿ" ಅಂದಳು. ಅದನ್ನೇ ಕಾಯ್ದೆ ಮಾಡಿಕೊಂಡೆ. ಗುಂಪು ಫೋಟೊ ಎಲ್ಲ ಇರುವವರ ಡಿಸ್ಕಿಗೆ. ಒಬ್ಬಂಟಿ ಫೋಟೊ ಮಾತ್ರ ಅವರವರ ಜಾಗಕ್ಕೆ.

ಡಿಸ್ಕ್ ಎರಡೂ ಬಂದವು. ಇರುವವರದನ್ನು ಪಿರಿಯಾಪಟ್ಟಣದ ಧರ್ಮೇಂದ್ರನ ಅಂಗಡಿಯಲ್ಲಿ ತಗೊಂಡೆ. ನೀನು ಹೇಳಿದ ಎರಡು ಟಿಬಿ, ತಿರುಗುವ ತಟ್ಟೆಯದು, ಬಿಲ್ಲಿದೆ. ಕಿವಿ ಹತ್ತಿರ ಹಿಡಿದರೆ ಸಣ್ಣಗೆ ಗುಂಯ್ ಅನ್ನುತ್ತದೆ. ಹೋದವರಿಗೆ ಮಾತ್ರ ನನ್ನ ಬುದ್ಧಿಯನ್ನೇ ನಾನು ಉಪಯೋಗಿಸಿದೆ. ಯೋಚನೆ ಮಾಡು, ಇರುವವರ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಇಬ್ಬರು ಹೋದರೆ ಇಬ್ಬರು ಹುಟ್ಟುತ್ತಾರೆ. ಹೋದವರು ಯಾವತ್ತಾದರೂ ಕಡಿಮೆಯಾಗುತ್ತಾರೆಯೆ? ಅವರಿಗೆ ದೊಡ್ಡ ಜಾಗವೇ ಬೇಕು. ಹುಣಸೂರಿನ ಸಂತೆಯಲ್ಲಿ ಕೊಡೆ ಕೆಳಗೆ ಚಾರ್ಜರು, ಇಯರ್‌ಫೋನು ಹರಡಿಕೊಂಡಿದ್ದವನ ಹತ್ತಿರ ಹದಿನಾರು ಟಿಬಿಯದು ಸಿಕ್ಕಿತು. ಅಂಗೈಯಷ್ಟೇ ಇದೆ, ಹಗುರ, ಹೊಳೆಯುತ್ತದೆ, ಧರ್ಮೇಂದ್ರನದಕ್ಕಿಂತ ಅಗ್ಗ. ಧರ್ಮೇಂದ್ರನಿಗೆ ಹೇಳಿದರೆ ಮುಖ ಹುಳ್ಳಗೆ ಮಾಡಿದ. ಹೊಟ್ಟೆಕಿಚ್ಚು. ಮನೆಗೆ ತಂದು ಸಿಕ್ಕಿಸಿದರೆ ಹದಿನಾರು ಎಂದೇ ತೋರಿಸಿತು.

ಹೋದವರೆಲ್ಲ ಈಗ ಆ ಮನೆ ಸೇರಿದ್ದಾರೆ. ಕಂಪ್ಯೂಟರ್ ಎಷ್ಟು ಹಗುರವಾಯಿತೆಂದರೆ, ನನ್ನ ಹಳೆಯ ಮದುವೆ ಕ್ಯಾಸೆಟ್ಟುಗಳನ್ನೆಲ್ಲ ಅದಕ್ಕೆ ತುಂಬಿಸುತ್ತಿದ್ದೇನೆ.

ಒಂದು ಕಡೆ ಮಾತ್ರ ಕಾಯ್ದೆ ಮುರಿದೆ. ನಿನ್ನ ಚಿಕ್ಕಪ್ಪ ಮಹೇಶನ ಒಬ್ಬಂಟಿ ಫೋಟೊಗಳನ್ನೆಲ್ಲ ಹೋದವರ ಡಿಸ್ಕಿಗೆ ಹಾಕಿದೆ. ಸಾಲಿಗ್ರಾಮದಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾನೆಂದು ನನಗೂ ಗೊತ್ತು. ನನ್ನ ಪಾಲಿಗೆ ಇಲ್ಲ. ನಿನಗೆ ತಿಳಿಯದ್ದೇನಲ್ಲ, ಆದರೂ ಬರೆಯುತ್ತೇನೆ, ಬರೆದರೆ ಸ್ವಲ್ಪ ಸಿಟ್ಟು ಇಳಿಯುತ್ತದೆ. ನಮ್ಮವ್ವ ಜೀವನವಿಡೀ ಕಂಡವರ ಸೊಪ್ಪು ಹದಮಾಡುವ ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಹೊಗೆಸೊಪ್ಪು ಕಟ್ಟಿದವಳು. ನೂಲಿನ ಸೀರೆ, ಗಾಜಿನ ಬಳೆ ಬಿಟ್ಟರೆ ಇನ್ನೊಂದು ಕಂಡವಳಲ್ಲ. ಅವಳದೊಂದೇ ಫೋಟೊ, ಬಾಗಿಲ ಚೌಕಟ್ಟು ಹಿಡಿದು ನಿಂತದ್ದು. ತಿಥಿಗೆ ಇವನು ಅದರ ಮುಖ ಕತ್ತರಿಸಿ, ಕಂಪ್ಯೂಟರಿನಲ್ಲಿ ರೇಷ್ಮೆ ಸೀರೆ ಉಡಿಸಿ, ಕೊರಳಿಗೆ ಸರ ಹಾಕಿ ತಂದು ನಿಲ್ಲಿಸಿದ. ಯಾರಲಾ ಈ ಯಜಮಾನಿ ಅಂತ ನೆಂಟರ ಮುಂದೆಯೇ ಕೇಳಿದೆ. ಫೋಟೊವನ್ನು ಗೋಡೆ ಕಡೆ ತಿರುಗಿಸಿಟ್ಟೆ. ಅವನು ಅದನ್ನೆತ್ತಿಕೊಂಡು ಹೊರಟ. ಅಷ್ಟೇ ಆಗಿದ್ದರೆ ಸೈ. ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಸ್ಟುಡಿಯೊ ಬಿಟ್ಟುಹೋಗುವ ದಿನ ನನ್ನನ್ನು ಒಂದು ಮಾತೂ ಕೇಳದೆ ಇಡೀ ಕಂಪ್ಯೂಟರನ್ನು ನಕಲು ಮಾಡಿಕೊಂಡು ಹೋದ. ಅದು ಕಳ್ಳತನವಲ್ಲದೆ ಇನ್ನೇನು?

ನಾನು ಮನೆಯ ಪ್ರಿಂಟರಿನಲ್ಲಿ ತೆಗೆದು ಹಾಕಿರುವ ಅವ್ವನ ಫೋಟೊ ಬಿಸಿಲಿಗೆ ಬಿಳುಚಿ ಮುಖವೇ ತಿಳಿಯದಂತಾಗಿದೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಷ್ಟರಲ್ಲಿ ಹೊಸದು ಮಾಡಿಸುತ್ತೇನೆ. ನೂಲಿನ ಸೀರೆಯದೇ.

ಅಪ್ಪ
ಮರಿಯಯ್ಯ


ವೀರನಹೊಸಹಳ್ಳಿ
೨೨ ಜುಲೈ ೨೦೨೪

ಅಪ್ಪಾ,

ಮೊದಲು ಇದನ್ನು ಓದಿ ಆಮೇಲೆ ಊಟ ಮಾಡು. ಹೋದವರ ಫೋಟೊಗಳನ್ನು ನೀನು ಕಾಪಿ ಮಾಡಿದೆಯೋ, ಕಟ್ ಮಾಡಿದೆಯೋ? ಕಂಪ್ಯೂಟರು ಹಗುರವಾಯಿತು ಅಂತ ಬರೆದಿದ್ದೀಯ.

ನನಗೆ ತಿಳಿದ ಮಟ್ಟಿಗೆ ಹದಿನಾರು ಟಿಬಿಯ ಡಿಸ್ಕ್ ಅಂಗೈಯಲ್ಲಿ ಹಿಡಿಸುವುದಿಲ್ಲ. ಅದು ದಪ್ಪ ಇಟ್ಟಿಗೆಯಷ್ಟಿರುತ್ತದೆ, ಅದಕ್ಕೆ ಬೇರೆ ಪ್ಲಗ್ಗೇ ಬೇಕು. ಸಂತೆಯಲ್ಲಿ ಅಗ್ಗಕ್ಕೆ ಮಾರುವವು ಎಷ್ಟೋ ಸಲ ಸುಳ್ಳು ಡಿಸ್ಕ್. ಹೊರಗೆ ಹದಿನಾರು ಅಂತ ಬರೆದಿರುತ್ತಾರೆ, ಕಂಪ್ಯೂಟರಿಗೂ ಹಾಗೆಯೇ ಹೇಳುವಂತೆ ಕಲಿಸಿರುತ್ತಾರೆ. ಒಳಗೆ ಜಾಗವೇ ಇರುವುದಿಲ್ಲ. ಫೋಟೊಗಳ ಹೆಸರೆಲ್ಲ ಕಾಣುತ್ತದೆ, ತೆರೆದರೆ ಏನೂ ಇರುವುದಿಲ್ಲ. ನಾಲ್ಕಾರು ಫೋಟೊ ತೆರೆದು ನೋಡು. ಕ್ಯಾಸೆಟ್ಟು ತುಂಬಿಸುವುದನ್ನು ಈ ಗಳಿಗೆಯೇ ನಿಲ್ಲಿಸು, ಅಳಿಸಿದ ಜಾಗದಲ್ಲಿ ಬೇರೆಯದು ಕೂತರೆ ಹಳೆಯದು ಮತ್ತೆ ಸಿಗುವುದು ಕಷ್ಟ.

ಚಿಕ್ಕಪ್ಪನ ವಿಷಯ. ನೀನು ಮಾಡಿದ್ದು ಓದಿ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಬದುಕಿರುವ ತಮ್ಮನನ್ನು ಸತ್ತವರ ಸಾಲಿಗೆ ಯಾರಾದರೂ ಹಾಕುತ್ತಾರೆಯೆ? ಚಿಕ್ಕಪ್ಪ ಹೋದ ತಿಂಗಳು ಹುಣಸೂರಿಗೆ ಬಂದಿದ್ದಾಗ ನನ್ನನ್ನೂ ನೋಡಿಕೊಂಡು ಹೋದರು. ಕೂತಷ್ಟು ಹೊತ್ತೂ "ಅಣ್ಣನ ಕಣ್ಣು ಎಂಗದೆ, ಪೊರೆ ತೆಗಿಸ್ದಾ?" ಎಂದು ನಿನ್ನದೇ ಮಾತು.

ಬೇಗ ಬರೆ.

ಸಂಘಮಿತ್ರ


ರಾವಂದೂರು
೧೬ ಸೆಪ್ಟೆಂಬರ್ ೨೦೨೪

ಸಂಘಮಿತ್ರಾ,

ಇಷ್ಟು ದಿನ ಬರೆಯಲಿಲ್ಲ. ನಿನ್ನ ಕಾಗದ ಬಂದ ದಿನವೇ ಡಿಸ್ಕ್ ಸಿಕ್ಕಿಸಿದೆ. ಹೆಸರುಗಳೆಲ್ಲ ಸಾಲಾಗಿ ಇದ್ದವು. ಮೊದಲನೆಯದು ತೆರೆಯಿತು, ಎರಡನೆಯದೂ ತೆರೆಯಿತು. ನೋಡಿದೆಯಾ, ಮಗಳು ಸುಮ್ಮನೆ ಹೆದರಿಸುತ್ತಾಳೆ ಎಂದು ಮುಚ್ಚಿಟ್ಟೆ. ಗೆದ್ದವನ ಹಾಗೆ ಬೀಗುತ್ತಿದ್ದೆ, ಕ್ಯಾಸೆಟ್ಟುಗಳನ್ನೂ ತುಂಬಿಸಿ ಮುಗಿಸಿದೆ.

ಪಿತೃಪಕ್ಷ ಹತ್ತಿರ ಬಂತಲ್ಲ, ಹೋದ ವಾರ ಮೇಲಿನ ಬೀದಿಯ ಸಿದ್ದಲಿಂಗಮ್ಮ ಬಂದಳು. ಅವಳ ತಾಯಿಯ ಫ್ರೇಮು ಬಿದ್ದು ಗಾಜು ಒಡೆದು, ಮಳೆನೀರು ಹೊಕ್ಕು ಫೋಟೊ ಹಾಳಾಗಿದೆ. "ಅವ್ವನ ಮೊಕವೇ ಇಲ್ದೆ ಎಂಗಣ್ಣ ಎಡೆ ಇಕ್ಲಿ, ಇನ್ನೊಂದು ತೆಕ್ಕೊಡು" ಅಂದಳು. ಹೆಸರು ಹುಡುಕಿದೆ, ಸಿಕ್ಕಿತು. ಒತ್ತಿದೆ. ಬೂದು ಬಣ್ಣದ ಚೌಕ ಬಂತು. ಅದರ ಕೆಳಗಿನದನ್ನು ಒತ್ತಿದೆ, ಬೂದು. ಒಂದರಲ್ಲಿ ಹಣೆಯವರೆಗೆ ಕಂಡಿತು, ಕೆಳಗೆಲ್ಲ ಬೂದು. ಆಮೇಲೆ ಒತ್ತುತ್ತ ಹೋದೆ. ಸಿದ್ದಲಿಂಗಮ್ಮ ಪಕ್ಕದಲ್ಲೇ ನಿಂತು, "ಅದು ಯಾರು, ಇದು ಯಾರು" ಅಂತ ಕೇಳುತ್ತಿದ್ದಳು.

ಅವ್ವನನ್ನು ಕೊನೆಗೆ ತೆರೆದೆ. ಅವಳೂ ಇಲ್ಲ.

ಧರ್ಮೇಂದ್ರನ ಹತ್ತಿರ ಓಡಿದೆ. ಅವನು ಸ್ಕ್ರೂ ಬಿಚ್ಚಿ ತೋರಿಸಿದ. ಹೊಳೆಯುವ ಡಬ್ಬಿಯೊಳಗೆ ಉಗುರಿನಷ್ಟು ಒಂದು ಮೆಮೊರಿ ಕಾರ್ಡು, ಗೋಂದು ಹಾಕಿ ಅಂಟಿಸಿದ್ದಾರೆ. ಭಾರಕ್ಕೆ ಇರಲಿ ಅಂತ ಒಂದು ಕಬ್ಬಿಣದ ತುಂಡು. ಅವನು ನನ್ನನ್ನು ಆಡಿಕೊಳ್ಳಲಿಲ್ಲ, ಆಡಿಕೊಂಡಿದ್ದರೇ ಚೆನ್ನಾಗಿತ್ತು. ಕಂಪ್ಯೂಟರಿನಲ್ಲಿ ಅಳಿಸಿದ್ದನ್ನು ತಿರುಗಿ ತೆಗೆಯಲು ಎರಡು ದಿನ ಪ್ರಯತ್ನಪಟ್ಟ. ನಾನು ತುಂಬಿಸಿದ ಕ್ಯಾಸೆಟ್ಟುಗಳೇ ಎಲ್ಲರ ಮೇಲೆ ಕೂತುಬಿಟ್ಟಿವೆ.

ನನಗೆ ಒಂದು ತಿಳಿಯುತ್ತಿಲ್ಲ ಕಣವ್ವ. ಹೆಸರು ಉಳಿದು ಮುಖ ಹೋಗುವುದು ಹೇಗೆ? ಹೆಸರಿಗೆ ಬೇರೆ ಜಾಗ, ಮುಖಕ್ಕೆ ಬೇರೆ ಜಾಗ ಇರುತ್ತದೆಯೆ? ಧರ್ಮೇಂದ್ರ ಏನೋ ಹೇಳಿದ, ತಲೆಗೆ ಹತ್ತಲಿಲ್ಲ.

ಮಹೇಶನ ಫೋಟೊಗಳನ್ನೂ ನೋಡಿದೆ. ಅವನ ಮೊದಲನೆಯ ಕ್ಯಾಮೆರಾ ಹಿಡಿದು ನಿಂತದ್ದು, ಬೈಕಿನ ಮೇಲೆ ಕೂತದ್ದು, ಎಲ್ಲ ಬೂದು. ಸಿಟ್ಟಿನಲ್ಲಿ ಅಲ್ಲಿಗೆ ಕಳಿಸಿದೆ, ನಿಜ. ಅವನು ಹೀಗೆ ಇಲ್ಲದಂತೆ ಆಗಲಿ ಅಂತ ನನ್ನ ಮನಸ್ಸಿನಲ್ಲಿ ಇರಲಿಲ್ಲ.

ಸಿದ್ದಲಿಂಗಮ್ಮನಿಗೆ ಅಮಾವಾಸ್ಯೆಯ ಒಳಗೆ ಕೊಡುತ್ತೇನೆ ಅಂದಿದ್ದೇನೆ. ಎಲ್ಲಿಂದ ತಂದು ಕೊಡಲಿ?

ಅಪ್ಪ


ವೀರನಹೊಸಹಳ್ಳಿ
೨೨ ಸೆಪ್ಟೆಂಬರ್ ೨೦೨೪

ಅಪ್ಪಾ,

ನಿನ್ನನ್ನು ಬೈಯುವ ಹಾಗಿಲ್ಲ, ನೀನೇ ಸಾಕಷ್ಟು ಬೈದುಕೊಂಡಿದ್ದೀಯ.

ನಿನ್ನ ಪ್ರಶ್ನೆಗೆ ಉತ್ತರ: ಹೌದು, ಡಿಸ್ಕಿನಲ್ಲಿ ಹೆಸರಿಗೆ ಬೇರೆ ಜಾಗ, ಮುಖಕ್ಕೆ ಬೇರೆ ಜಾಗ. ಹೆಸರುಗಳು ಮುಂದುಗಡೆ ಸಣ್ಣದೊಂದು ಮೂಲೆಯಲ್ಲಿರುತ್ತವೆ. ಇದ್ದ ಚೂರು ಜಾಗದಲ್ಲಿ ಹೆಸರುಗಳು, ಮೊದಲು ಹೋದ ಕೆಲವು ಫೋಟೊ ಹಿಡಿಸಿವೆ, ಉಳಿದದ್ದಕ್ಕೆ ನೆಲವೇ ಇರಲಿಲ್ಲ.

ಈಗ ಎಲ್ಲಿಂದ ತರಲಿ ಅಂತ ಕೇಳಿದ್ದೀಯಲ್ಲ. ಎಲ್ಲಿಂದ ಅಂತ ನಿನಗೂ ಗೊತ್ತು ಅಪ್ಪಾ. ನೀನು ಕಳ್ಳತನ ಅನ್ನುತ್ತೀಯಲ್ಲ, ಆ ನಕಲು ಇನ್ನೂ ಇದೆ. ಚಿಕ್ಕಪ್ಪ ಅದನ್ನು ಡಿಸ್ಕಿನಿಂದ ಡಿಸ್ಕಿಗೆ ಬದಲಿಸುತ್ತಾ ಇಟ್ಟುಕೊಂಡಿದ್ದಾರಂತೆ. ಸಿದ್ದಲಿಂಗಮ್ಮನ ತಾಯಿ ಅದರಲ್ಲಿ ಇರಲೇಬೇಕು. ಅಜ್ಜಿಯೂ ಇದ್ದಾಳೆ.

ನಾನು ಒಂದು ಮಾತು ಹೇಳಿದರೆ ಚಿಕ್ಕಪ್ಪ ನಾಳೆಯೇ ಬಸ್ಸಿನಲ್ಲಿ ಕಳಿಸುತ್ತಾರೆ. ಆದರೆ ನಾನು ಹೇಳುವುದಿಲ್ಲ. ಹಾಗೆ ತರಿಸಿಕೊಟ್ಟರೆ ನೀನು ಫೋಟೊ ಉಳಿಸಿಕೊಳ್ಳುತ್ತೀಯ, ತಮ್ಮನನ್ನು ಕಳೆದುಕೊಳ್ಳುತ್ತೀಯ. ನಿಮ್ಮಿಬ್ಬರಿಗೂ ವಯಸ್ಸಾಯಿತು. ನಾಳೆ ನಿಮ್ಮಲ್ಲಿ ಒಬ್ಬರಿಗೆ ನಿಜವಾಗಿ ಫ್ರೇಮು ಹಾಕಿಸುವ ದಿನ ಬಂದಾಗ ಇನ್ನೊಬ್ಬರು ದೂರ ನಿಂತು ನೋಡುವುದು ನನಗೆ ಬೇಡ. ನೀನೇ ಹೋಗು. ಹೊಸ ಡಿಸ್ಕ್ ಒಂದು ತಗೊಂಡು ಹೋಗು, ಈ ಸಲ ಧರ್ಮೇಂದ್ರನ ಅಂಗಡಿಯದು.

ಪ್ರೀತಿಯಿಂದ, ಸ್ವಲ್ಪ ಹಠದಿಂದ
ಸಂಘಮಿತ್ರ


ರಾವಂದೂರು
೨೮ ಸೆಪ್ಟೆಂಬರ್ ೨೦೨೪

ಮಗ ಸಂಘಮಿತ್ರ,

ನಾನು ನಿಮ್ಮವ್ವ ಚಿಕ್ಕಸಿದ್ದಮ್ಮ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ. ನಿಮ್ಮಪ್ಪ ನಿನ್ನ ಕಾಗದ ಓದಿ ಮಡಚಿ ಜೇಬಿಗಿಟ್ಟುಕೊಂಡರು. ಗೋಡೆಗೆ ಅಂಟಿಸಲಿಲ್ಲ, ಒಲೆಗೂ ಹಾಕಲಿಲ್ಲ. ಗುರುವಾರ ಬಿಳಿ ಅಂಗಿ ತೊಟ್ಟು ಹೊರಟರು, ಬಸ್ ಸ್ಟ್ಯಾಂಡಿನಿಂದ ವಾಪಸು ಬಂದರು. "ಬಸ್ಸು ರಶ್ಶು" ಅಂದರು. ಶುಕ್ರವಾರವೂ ಹೊರಟರು, "ಮಳೆ ಬರಂಗದೆ" ಅಂದರು. ಆಕಾಶ ನೆಟ್ಟಗೇ ಇತ್ತು.

ಇವತ್ತು ನಾನು ಕೇಳಿಯೇ ಬಿಟ್ಟೆ. "ಒಂದು ಡಬ್ಬಿ ತರಕ್ಕೆ ಅದೆಂತ ಪ್ರಶ್ನೆ ಕೇಳ್ದ್ರಿ ನೀವು. ಒಳೀಕ್ಕೆ ಏನದೆ, ಬಿದ್ರೆ ಏನಾಯ್ತದೆ, ಇರುವೆ ಹೊಕ್ರೆ ಏನಾಯ್ತದೆ ಅಂತ. ಒಡಹುಟ್ದೋನ್ನ ಯಾವತ್ತಾರ ಒಂದು ಮಾತ ಕೇಳಿದ್ದೀರಾ, ಯಾಕ್ಲಾ ಅಂಗ್ಮಾಡ್ದೆ ಅಂತ?" ಅಂದೆ. ಉಂಡ ತಟ್ಟೆಯಲ್ಲೇ ಅವರ ಕೈ ಒಣಗಿತು.

ನಾಳಿದ್ದು ಸೋಮವಾರ ನಾನೇ ಹೋಗಿ ಬಸ್ಸು ಹತ್ತಿಸುತ್ತೇನೆ. ಮಹೇಶನಿಗೆ ಇಷ್ಟ ಅಂತ ಹುರಿಗಾಳು ಕಟ್ಟಿಕೊಡುತ್ತೇನೆ.

ನಿನ್ನ ಅವ್ವ


ರಾವಂದೂರು
೩ ಅಕ್ಟೋಬರ್ ೨೦೨೪

ಸಂಘಮಿತ್ರಾ,

ಹೋಗಿಬಂದೆ.

ಸಾಲಿಗ್ರಾಮದಲ್ಲಿ ಇಳಿದು ಫೋಟೊ ಮಹೇಶಣ್ಣನ ಮನೆ ಯಾವುದು ಅಂತ ಕೇಳಿದೆ. ನನ್ನ ತಮ್ಮನ ಮನೆಯನ್ನು ನಾನು ಬೀದಿಯವರನ್ನು ಕೇಳಬೇಕಾಯಿತು. ಬಾಗಿಲು ತೆಗೆದವಳು ಅವನ ಹೆಂಡತಿ ಸುಕನ್ಯ. "ಬನ್ನಿ ಭಾವ, ನೀರು ತತ್ತೀನಿ" ಅಂದಳು, ನಿನ್ನೆಯಷ್ಟೇ ಬಂದುಹೋದವನನ್ನು ಕರೆದ ಹಾಗೆ. ಮಹೇಶ ಒಳಗಿನಿಂದ ಬಂದ. ತಲೆ ಎಲ್ಲ ಬೆಳ್ಳಗಾಗಿದೆ. ಏನು ಮಾತಾಡಲಿ ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಡಿಸ್ಕನ್ನು ಮುಂದಕ್ಕೆ ಚಾಚಿ, "ಹಳೇ ಫೋಟೊ ಅವೆಯಂತಲ್ಲ, ತುಂಬ್ಕೊಡು ಕಣ್ಲಾ" ಅಂದೆ. ಅವನು ಕೈ ಒರೆಸಿಕೊಂಡು ಈಸಿಕೊಂಡ.

ಕಂಪ್ಯೂಟರಿಗೆ ಹಾಕಿದ. ಹಸಿರು ಗೆರೆ ಇಷ್ಟಿಷ್ಟೇ ಮುಂದಕ್ಕೆ ಹೋಗತೊಡಗಿತು. ಮೂರು ಗಂಟೆ ಬೇಕು ಅಂತ ತೋರಿಸಿತು. ಮೂರು ಗಂಟೆ ನಾವಿಬ್ಬರೂ ಏನು ಮಾಡುವುದು? ಡಿಸ್ಕಿನ ಬೆಲೆ, ಮಳೆ, ನನ್ನ ಕಣ್ಣಿನ ಪೊರೆ, ಎಲ್ಲ ಮಾತಾಡಿ ಮುಗಿದರೂ ಗೆರೆ ಕಾಲುಭಾಗ ದಾಟಿರಲಿಲ್ಲ. ಗೋಡೆಯ ಮೇಲೆ ಅವ್ವ ಇದ್ದಳು, ಅದೇ ರೇಷ್ಮೆ ಸೀರೆಯವಳು. ಒಂದಿಷ್ಟೂ ಮಾಸಿಲ್ಲ. ಅವನು ಮೈಸೂರಿನ ಲ್ಯಾಬಿನಲ್ಲಿ ಪ್ರಿಂಟು ಹಾಕಿಸಿದ್ದ. ನಾನು ಆ ಕಡೆ ನೋಡದೆ ಇರಲು ನೋಡಿದೆ, ಆಗಲಿಲ್ಲ. ಕೊನೆಗೆ ಕೇಳಿದೆ, "ಯಾಕ್ಲಾ ಅವತ್ತು ಅಂಗ್ಮಾಡ್ದೆ?"

ಅವನು ಎದ್ದು ಸ್ಕ್ರೀನಿನಲ್ಲಿ ಒಂದು ಫೋಲ್ಡರು ತೆರೆದ. ಅದರಲ್ಲಿ ಬರೀ ಅವ್ವ. ಕೆಂಪು ಸೀರೆಯ ಅವ್ವ, ನೇರಳೆ ಸೀರೆಯ ಅವ್ವ, ಹಳದಿ, ನೀಲಿ. ಒಂದರಲ್ಲಿ ಸೆರಗು ಮುಖಕ್ಕೆ ಸರಿಯಾಗಿ ಕೂತಿಲ್ಲ.

"ಅವ್ವ ಬದುಕಿದ್ದಾಗ್ಲೇ ಮಾಡಿದ್ದು ಕಣಣ್ಣ ಇವೆಲ್ಲಾವ. ನೀನು ಯಾವ್ದೋ ಮದ್ವೆಗೆ ಓಗಿದ್ದೆ. ಬ್ಯಾರನ್ ಕೆಲ್ಸ ಮುಗಿಸ್ಕಂಡು ಸ್ಟುಡಿಯೊಗೆ ಬಂದ್ಲು, ಕೈಯೆಲ್ಲಾ ಸೊಪ್ಪಿನ ಅಂಟು. ಸ್ಟೂಲ್ ಮ್ಯಾಲೆ ಕೂತ್ಕಂಡು, ಸತ್ತೋರ್ಗೆಲ್ಲಾ ಸೀರೆ ಉಡಿಸ್ತೀಯಲ್ಲ ಮಗ, ನಂಗೂ ಒಂದ ಉಡ್ಸು, ಎಂಗೆ ಕಾಣ್ತೀನೋ ನೋಡ್ಮ ಅಂದ್ಲು. ಒಂದೊಂದಾಗಿ ತೋರಿಸ್ದೆ. ಕೆಂಪು ಬ್ಯಾಡ, ಮದುವಣಗಿತ್ತಿ ಆಯ್ತೀನಿ ಅಂದ್ಲು. ನೇರಳೆ ಕಪ್ಪಾಯ್ತದೆ ಅಂದ್ಲು. ಒಂದು ಸೀರೆ ನೋಡಿ ಬಾಯಿಗೆ ಸೆರಗು ಅಡ್ಡ ಹಿಡ್ಕಂಡು ಎಷ್ಟು ನಗಾಡಿದ್ಲು ಗೊತ್ತಾ. ಇದೇ ಇರ್ಲಿ, ನಾನು ಓದ್ಮೇಲೆ ಇದ್ನೇ ಆಕು ಅಂದ್ಲು."

"ಅವತ್ತೇ ಯಾಕ್ಲಾ ಯೋಳ್ನಿಲ್ಲ ನಂಗೆ?" ಅಂದೆ.

"ಯೋಳ್ಬ್ಯಾಡ ಅಂತ ಮಾತು ಈಸ್ಕಂಡಿದ್ಲು. ನಿಮ್ಮಣ್ಣಂಗೆ ಗೊತ್ತಾದ್ರೆ, ಅವ್ವಂಗೆ ನಾನೊಂದು ರೇಷ್ಮೆ ಸೀರೆ ತಂದ್ಕೊಡ್ನಿಲ್ವಲ್ಲ ಅಂತ ನೊಂದ್ಕತಾನೆ. ಮನೆ ಎಲ್ಲಾ ಅವನ್ ತಲೆ ಮ್ಯಾಲೇ ಅದೆ ಅಂದ್ಲು."

ಮಗಳೇ, ನಾನು ಅಲ್ಲಿಯೇ ಕೂತು ಅತ್ತೆ. ತಮ್ಮನ ಮುಂದೆ ನಾಚಿಕೆಯಾಗಲಿಲ್ಲ. ಸುಕನ್ಯ ಒಳಗಿಂದ ಬಂದು ನೋಡಿ, ಕಾಫಿ ಇಟ್ಟು ಹೋದಳು. ಮಹೇಶ ಮೌಸು ಹಿಡಿದುಕೊಂಡು ಸುಮ್ಮನೆ ಅದೂ ಇದೂ ಒತ್ತುತ್ತಿದ್ದ. ಗೆರೆ ತುಂಬಿದ್ದನ್ನು ನಾವಿಬ್ಬರೂ ನೋಡಲೇ ಇಲ್ಲ. ಕತ್ತಲಾಗುವ ಮುಂಚೆ ಬಸ್ಸು ಹತ್ತಿಸಿದ. ಬರುವ ತಿಂಗಳು ಅವನೇ ಇಲ್ಲಿಗೆ ಬರುತ್ತಾನೆ. ಇರುವವರ ಫೋಟೊಗಳನ್ನೂ ನಕಲು ಮಾಡಿಕೊಂಡು ಅವನ ಮನೆಯಲ್ಲೇ ಇಡುತ್ತಾನೆ, ನಾನೇ ಹೇಳಿದ್ದೇನೆ.

ಸಿದ್ದಲಿಂಗಮ್ಮನ ತಾಯಿ ಸಿಕ್ಕಿದಳು, ಫ್ರೇಮು ಹಾಕಿಸಿ ಕೊಟ್ಟೆ. ನಿನ್ನೆ ನಾವೂ ಎಡೆ ಇಟ್ಟೆವು. ಬಾಗಿಲು ಹಿಡಿದು ನಿಂತ ಅವ್ವನ ಹಳೆಯ ಫೋಟೊ ಡಿಸ್ಕಿನಲ್ಲಿ ಹಾಗೇ ಇದೆ, ಸುರಕ್ಷಿತವಾಗಿದೆ. ಆದರೆ ಗೋಡೆಗೆ ಹಾಕಿದ್ದು ಅವಳೇ ಆರಿಸಿದ್ದನ್ನು.

ಅದು ಗಿಣಿಹಸಿರು ಕಣವ್ವ. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದರೂ, ಅವ್ವನಿಗೆ ಗಿಣಿಹಸಿರು ಇಷ್ಟ ಅಂತ ನನಗೆ ಗೊತ್ತೇ ಇರಲಿಲ್ಲ.

ನಿನ್ನ ಅಪ್ಪ
ಮರಿಯಯ್ಯ